ರಾತ್ರಿ ಬಟ್ಟೆ ಡೈಪರ್ ಸೋರುತ್ತಿದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ, ಮಗಳಿಗೆ 8 ತಿಂಗಳು. ಹಗಲು ಬಟ್ಟೆ ಡೈಪರ್‌ನಿಂದ ತೊಂದರೆಯಿಲ್ಲ. ರಾತ್ರಿ 9ಕ್ಕೆ ಕಟ್ಟಿದರೆ ನಡುರಾತ್ರಿ ಕಳೆದು 2 ಗಂಟೆ ಹೊಡೆಯುವುದರೊಳಗೆ ತೊಡೆಯ ಸಂದಿಯಿಂದ ಸೋರಿ ಅಂಗಿ, ಹಾಸಿಗೆ, ಅಮ್ಮ ಹೊಲಿದುಕೊಟ್ಟ ಕೌದಿ ಎಲ್ಲ ಒದ್ದೆ.

ಒಳಗೆ ಎರಡು ಮೈಕ್ರೋಫೈಬರ್ (ತೀರ ತೆಳುವಾದ ಕೃತಕ ನೂಲಿನ) ಪ್ಯಾಡ್ ಇಡುತ್ತೇನೆ. ಅವು ಬೇಗ ಹೀರುತ್ತವೆ, ಆದರೆ ಮಗು ಮಗ್ಗುಲಾಗಿ ಭಾರ ಬಿದ್ದೊಡನೆ ಹೀರಿದ್ದನ್ನು ಹೊರಬಿಡುತ್ತವೆ. ಮೂರನೆಯದನ್ನು ಸೇರಿಸಿದರೆ ಎಲಾಸ್ಟಿಕ್ ಕಾಲಿಗೆ ಕೂರುವುದಿಲ್ಲ. ಮೊನ್ನೆ ಅತ್ತೆಯವರು ಹಳೆಯ ಕಾಟನ್ ಸೀರೆಯ ತುಂಡನ್ನು ಎಂಟು ಮಡಿಕೆ ಮಾಡಿ ಪ್ಯಾಡಿನ ಕೆಳಗಿಟ್ಟರು. ಅಂದು ಬೆಳಗಿನ ಜಾವ 4 ಗಂಟೆಯವರೆಗೆ ತಡೆಯಿತು, ನನಗೆಷ್ಟು ಸಮಾಧಾನವಾಯಿತೋ! ಆದರೆ ಈ ಮಳೆಯಲ್ಲಿ ಬಟ್ಟೆ ಒಣಗಲು ಎರಡು ದಿನ ಬೇಕು. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಹೊಗೆಯ ವಾಸನೆ.

ಹತ್ತಿ ಅಥವಾ ಹೆಂಪ್ (ಸೆಣಬಿನಂಥ ಗಿಡದ ನಾರು) ಪ್ಯಾಡನ್ನು ರಾತ್ರಿಗೆ ಬಳಸಿದವರು ಇದ್ದೀರಾ? ಮಳೆಗಾಲಕ್ಕೆ ಎಷ್ಟು ಬೇಕಾಗುತ್ತವೆ? ನಿದ್ದೆ ಕೆಡದಂತೆ ನಡುರಾತ್ರಿ ಬದಲಿಸುವುದು ಹೇಗೆ? ಬಿಸಾಡುವ ಡೈಪರ್ ಹಾಕಿ ಎನ್ನಬೇಡಿ. ಇಲ್ಲಿ ಕಸದ ಗಾಡಿ ಬರುವುದಿಲ್ಲ, ತೋಟದಲ್ಲಿ ಹೂಳಲು ನನಗೆ ಮನಸ್ಸಿಲ್ಲ.