‘ನುಶ್ ಒಲ್ಸುನ್’ ಎಂಬುದಕ್ಕೆ ಕನ್ನಡ ಮಾತು ಯಾವುದು?

ಅಜರ್‌ಬೈಜಾನಿ ಕಲಿಯುವ ಕನ್ನಡಿಗರಿಗಾಗಿ ಊಟತಿಂಡಿಯ ಮಾತುಗಳ ಚಿಕ್ಕ ಪದಪಟ್ಟಿಯೊಂದನ್ನು ಮಾಡುತ್ತಿದ್ದೇನೆ. ಮೊದಲ ಸಾಲಿನಲ್ಲಿಯೇ ಸಿಕ್ಕಿಕೊಂಡಿದ್ದೇನೆ. ಬಲ್ಲವರು ದಾರಿ ತೋರಿಸಬೇಕು.

‘ನುಶ್ ಒಲ್ಸುನ್.’ ಉಣ್ಣಲು ಕುಳಿತವರಿಗೆ ಹೇಳುವ ಹಾರೈಕೆ ಇದು. ಆದರೆ ಊಟದ ಆರಂಭಕ್ಕಷ್ಟೇ ಇದು ಮೀಸಲಲ್ಲ. ಉಣ್ಣುತ್ತಿರುವವರನ್ನು ಕಂಡರೂ ಹೇಳುತ್ತಾರೆ, ಊಟ ಮುಗಿಸಿ ಅತಿಥಿ ಧನ್ಯವಾದ ಹೇಳಿದಾಗ ಉತ್ತರವಾಗಿಯೂ ಹೇಳುತ್ತಾರೆ. ಬರೀ ಒಂದು ಲೋಟ ಚಹಾಕ್ಕೂ ಸಲ್ಲುತ್ತದೆ.

ಪದವನ್ನು ಬಿಡಿಸಿದರೆ ಮೈ ಜುಮ್ಮೆನ್ನುತ್ತದೆ. ‘ಒಲ್’ ಎಂದರೆ ಆಗು. ‘ಸುನ್’ ನಮ್ಮ ‘-ಲಿ’ ಪ್ರತ್ಯಯದ ಕೆಲಸವನ್ನೇ ಮಾಡುತ್ತದೆ. ಒಲ್ಸುನ್ ಎಂದರೆ ಅಚ್ಚುಕಟ್ಟಾಗಿ ‘ಆಗಲಿ’. ಇನ್ನು ‘ನುಶ್’ ಪಾರಸಿಯಿಂದ ಬಂದದ್ದು: ಸಿಹಿ, ಜೇನು, ಕುಡಿಯುವಂಥದ್ದು. ಅದರ ಹಿಂದೆ ಮಧ್ಯ ಪಾರಸಿಯ ‘ಅನೋಶ್’ ಇದೆ, ಅಂದರೆ ಸಾವಿಲ್ಲದ್ದು. ಆರನೆಯ ಶತಮಾನದ ದೊರೆ ಖುಸ್ರೊವಿಗೆ ಇದ್ದ ‘ಅನೂಶಿರ್ವಾನ್’ ಎಂಬ ಬಿರುದಿನಲ್ಲಿಯೂ ಇದೇ ಪದವಿದೆ: ಅಮರವಾದ ಆತ್ಮವುಳ್ಳವನು. ಹಾಗಾಗಿ ನುಶ್ ಒಲ್ಸುನ್ ಎಂದರೆ ‘ಅಮೃತವಾಗಲಿ’ ಎಂದಂತೆಯೇ ಆಯಿತು!

ಅರ್ಥ ಸರಿಯಾಗಿ ಕೂಡುತ್ತದೆ, ಬಳಕೆ ಕೂಡುವುದಿಲ್ಲ. ನಮ್ಮ ಪಂಕ್ತಿಯಲ್ಲಿ ಮನೆಯವರು ಕೈಮುಗಿದು ಹೇಳುವುದು ‘ಊಟ ಸಾವಕಾಶವಾಗಿ ಆಗಲಿ’ ಎಂದು. ಅದರಲ್ಲಿಯೂ ‘ಆಗಲಿ’ ಇದೆ, ಆದರೆ ಕೈ ತೊಳೆದು ಎದ್ದವರಿಗೆ ಅದನ್ನು ಹೇಳಲಾಗದು. ‘ಅನ್ನದಾತಾ ಸುಖೀಭವ’ ಎಂಬುದು ಉಂಡವರ ಬಾಯಿಯ ಮಾತು, ಬಡಿಸಿದವರದ್ದಲ್ಲ. ಸದ್ಯಕ್ಕೆ ‘ಅಮೃತವಾಗಲಿ’ ಎಂದೇ ಬರೆದುಕೊಂಡಿದ್ದೇನೆ. ಇದಕ್ಕಿಂತ ನೆಲದ ಮಾತು ಯಾರ ಮನೆಯಲ್ಲಾದರೂ ಇದ್ದರೆ ಸಂತೋಷದಿಂದ ಬದಲಿಸುತ್ತೇನೆ.

ಅಡುಗೆ ಮಾಡಿದವರಿಗೆ ಹೇಳುವ ಮಾತು ‘ಎಲ್ಲೆರಿನೆ ಸಾಗ್ಲಿಗ್’, ನಿನ್ನ ಕೈಗಳಿಗೆ ಆರೋಗ್ಯ. ಕೈ, ಗಳು, ನಿನ್ನ, ಗೆ ಎಂಬ ನಾಲ್ಕೂ ಒಂದೇ ಪದದಲ್ಲಿ ಮಣಿ ಪೋಣಿಸಿದಂತೆ ಬರುತ್ತವೆ. ‘ಕೈರುಚಿ’, ‘ಕೈಗುಣ’ ಎನ್ನುವ ನಮಗೆ ಅಡುಗೆಯ ಹೊಗಳಿಕೆ ಕೈಗೆ ಸಲ್ಲುವುದನ್ನು ಯಾರೂ ವಿವರಿಸಬೇಕಿಲ್ಲ. ಇದಕ್ಕೆ ಉತ್ತರವೂ ಮತ್ತೆ ನುಶ್ ಒಲ್ಸುನ್ ಎಂದೇ.

ನನ್ನ ನಿಜವಾದ ಕಷ್ಟ ‘ಚೋರೆಕ್’ ಪದದ್ದು. ನಿಘಂಟಿನ ಅರ್ಥ ರೊಟ್ಟಿ, ತಂದೂರಿನಲ್ಲಿ ಸುಟ್ಟದ್ದು. ಆದರೆ ‘ಚೋರೆಕ್ ತಿನ್ನುವುದು’ ಎಂದರೆ ಊಟ ಮಾಡುವುದು. ‘ಚೋರೆಕ್ ಗಳಿಸುವುದು’ ಎಂದರೆ ಹೊಟ್ಟೆಪಾಡು ನೋಡಿಕೊಳ್ಳುವುದು. ಚೋರೆಕ್ಕಿನ ಮೇಲೆ ಆಣೆ ಇಡುತ್ತಾರೆ. ನೆಲಕ್ಕೆ ಬಿದ್ದ ತುಂಡನ್ನು ಎತ್ತಿ ಮುತ್ತಿಟ್ಟು, ಯಾರ ಕಾಲಿಗೂ ಸಿಗದಂತೆ ಎತ್ತರದ ಜಾಗದಲ್ಲಿ ಇಡುತ್ತಾರೆ. ‘ದುಜ್-ಚೋರೆಕ್’, ಉಪ್ಪು-ರೊಟ್ಟಿ, ಒಟ್ಟಿಗೆ ಉಂಡವರ ನಡುವಿನ ಬಂಧ. ಅದನ್ನು ಮುರಿದವನಿಗೆ ಮಾನವಿಲ್ಲ.

ಇದೆಲ್ಲವೂ ನಮ್ಮಲ್ಲಿ ‘ಅನ್ನ’ಕ್ಕೆ ಇರುವ ಸ್ಥಾನ. ಅನ್ನದ ಋಣ, ಉಪ್ಪಿನ ಋಣ, ಉಂಡ ಮನೆಗೆ ಎರಡು ಬಗೆಯಬಾರದು ಎಂಬ ಮಾತು ಎಲ್ಲವೂ ಇಲ್ಲಿಗೆ ಹೊಂದುತ್ತವೆ. ಆದರೆ ‘ಅನ್ನ’ ಎಂದು ಬರೆದರೆ ಕಲಿಯುವವರು ಎಡವುತ್ತಾರೆ, ಏಕೆಂದರೆ ಅಲ್ಲಿ ಅಕ್ಕಿಯ ಊಟವೇ ಬೇರೆ. ಅದು ‘ಪ್ಲೋವ್’, ಮದುವೆಗೂ ಹಬ್ಬಕ್ಕೂ ಕೇಸರಿ ಹಾಕಿ ಮಾಡುವ ಅಡುಗೆ. ನಮ್ಮ ಪಲಾವಿನ ಹಾಗೆ ಎಲ್ಲವನ್ನೂ ಒಟ್ಟಿಗೆ ಬೇಯಿಸುವುದಿಲ್ಲ; ಅಕ್ಕಿಯನ್ನು ಬೇರೆಯಾಗಿ, ಮಾಂಸವನ್ನೋ ಒಣಹಣ್ಣನ್ನೋ ಬೇರೆಯಾಗಿ ಬೇಯಿಸುತ್ತಾರೆ. ‘ಕೂಳು’ ಎನ್ನೋಣವೆಂದರೆ, ಆ ಒಳ್ಳೆಯ ಹಳೆಯ ಪದ ಇಂದು ಬೈಗುಳದ ಬದಿಗೆ ಸರಿದುಬಿಟ್ಟಿದೆ. ನನಗೆ ಇದು ನೋವಿನ ಸಂಗತಿ.

ಪ್ಲೋವ್‌ನ ತಳದಲ್ಲಿ ಬೇಕೆಂದೇ ಗರಿಗರಿಯಾಗಿ ಕಟ್ಟಿಸುವ ಪದರಕ್ಕೆ ‘ಗಜ್ಮಾಗ್’ ಎಂಬ ಹೆಸರಿದೆ. ಅಗೆಯುವುದು ಎಂಬ ಕ್ರಿಯಾಪದದ ರೂಪವೂ ಇದೇ. ಮೊಟ್ಟೆ, ಮೊಸರು ಬೆರೆಸಿದ ಅಕ್ಕಿಯಿಂದಲೋ ಲವಾಶ್ ಎಂಬ ತೆಳುರೊಟ್ಟಿಯಿಂದಲೋ ಮಾಡುತ್ತಾರೆ. ಕನ್ನಡದ ‘ಸೀಕು’ ಇಲ್ಲಿಗೆ ಸಲ್ಲದು. ಸೀಕು ಅಡುಗೆಯವರ ತಪ್ಪು, ಗಜ್ಮಾಗ್ ಅವರ ಜಾಣ್ಮೆ. ‘ತಳಗರಿ’ ಎಂದು ಕಟ್ಟಿದರೆ ಹೇಗೆ?

ಉಳಿದವು ಸುಲಭ. ‘ದೋಲ್ಮಾ’ ಎಂದರೆ ತುಂಬಿದ್ದು, ನಮ್ಮ ತುಂಬುಗಾಯಿಯ ಹಾಗೆ. ದ್ರಾಕ್ಷಿ ಎಲೆಯಲ್ಲಿ ಸುತ್ತಿದ್ದಕ್ಕೂ ಅದೇ ಹೆಸರು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಅದನ್ನು ಮಾಡಿ ಹಂಚಿಕೊಳ್ಳುವ ಸಂಪ್ರದಾಯ. ಚಹಾ ಕುಡಿಯುವ ‘ಅರ್ಮುದು’ ಮರಸೇಬಿನ ಆಕಾರದ ಗಾಜಿನ ಲೋಟ. ‘ಅರ್ಮುದ್’ ಎಂದರೆ ಮರಸೇಬು. ಜೊತೆಗೆ ಕೊಡುವ ‘ಮುರೆಬ್ಬೆ’ ನಮ್ಮ ಮುರಬ್ಬವೇ. ಹೆಣ್ಣು ಕೇಳಲು ಹೋದಾಗ ಸಿಹಿ ಚಹಾ ಬಂದರೆ ಒಪ್ಪಿಗೆ ಸಿಕ್ಕಿತೆಂದು ಅರ್ಥ. ‘ಸುಫ್ರೆ ಬಿಚ್ಚುವುದು’ ಎಂದರೆ ಊಟದ ಬಟ್ಟೆ ಹಾಸುವುದು. ‘ಎಲೆ ಹಾಕುವುದು’ ಎಂದು ಬರೆದು ಮುಂದೆ ಹೋಗಿದ್ದೇನೆ.

ಚೋರೆಕ್ಕಿಗೆ ಮಾತ್ರ ಕಲಬುರಗಿ, ವಿಜಯಪುರ, ಬಾಗಲಕೋಟೆಯ ಕಡೆಯವರನ್ನು ವಿಶೇಷವಾಗಿ ಕೇಳುತ್ತೇನೆ. ಜೋಳದ ರೊಟ್ಟಿಯೇ ಊಟವಾದ ನಿಮ್ಮ ಮನೆಗಳಲ್ಲಿ ‘ರೊಟ್ಟಿ’ ಎಂಬ ಒಂದೇ ಪದ ಇಡೀ ಊಟವನ್ನು, ಸಂಪಾದನೆಯನ್ನು, ಋಣವನ್ನು ಹೇಳುತ್ತದೆಯೇ? ರೊಟ್ಟಿಯನ್ನು ಮುಟ್ಟಿ ಆಣೆ ಇಡುವ ಮಾತನ್ನು ಯಾರಾದರೂ ಕೇಳಿದ್ದೀರಾ?