ಬಿಲ್ ಪಾಸಾಯ್ತಂತೆ, ನಾಳೆಯಿಂದ ಡಬಲ್ ಅಂತೆ: ವಕೀಲರಿಗೆ ಪ್ರಶ್ನೆ

ಅಡ್ಮಿನ್: ಬಜೆಟ್ ಅಧಿವೇಶನ ನಡೆಯುತ್ತಿದೆ. ಎರಡು ದಿನದಿಂದ ಗುಂಪಿನಲ್ಲಿ ಒಂದೇ ಮೆಸೇಜು ಸುತ್ತುತ್ತಿದೆ: "ಶುಲ್ಕ ತಿದ್ದುಪಡಿ ಬಿಲ್ ಪಾಸ್, ನಾಳೆಯಿಂದ ರಿಜಿಸ್ಟ್ರಿ ಡಬಲ್, ಇವತ್ತೇ ಸಹಿ ಮುಗಿಸಿ, ಹತ್ತು ಜನಕ್ಕೆ ಕಳುಹಿಸಿ." ಹಾಗಾಗಿ ನಮ್ಮ ಉಡುಪಿಯ ವಕೀಲರು ಇವತ್ತು ರಾತ್ರಿ 8ರಿಂದ ಉತ್ತರಿಸುತ್ತಾರೆ. ದಸ್ತಾವೇಜಿನ ಕೆಲಸವೇ ಅವರ ಕಸುಬು. ಹೆಸರಿನ ಬದಲು ಊರು ಹಾಕಿ. ರಾಜಕೀಯ ಬೇಡ.

ಕಾಪು: ನಮಸ್ಕಾರ ಸರ್. ಬಿಲ್ ಪಾಸಾದ ರಾತ್ರಿಯೇ ಹೊಸ ದರ ಜಾರಿಯಾಗುತ್ತದಾ?

ವಕೀಲರು: ನಮಸ್ಕಾರ. ಇಲ್ಲ. ವಿಧಾನಸಭೆ ಒಪ್ಪಬೇಕು, ಪರಿಷತ್ತಿಗೆ ಹೋಗಿ ಬರಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ಗೆಜೆಟ್ಟಿನಲ್ಲಿ ಬರಬೇಕು. ಆಮೇಲೆ ಅದು ಕಾಯ್ದೆ. ಮುದ್ರಾಂಕ, ಅಂದರೆ ಸ್ಟ್ಯಾಂಪ್ ಶುಲ್ಕದ ತಿದ್ದುಪಡಿ 2023ರ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನಕ್ಕೆ ಬಂತು. ಅಫಿಡವಿಟ್ಟಿನ 20 ರೂಪಾಯಿ 100 ಆದದ್ದು 2024ರ ಫೆಬ್ರವರಿಯಲ್ಲಿ.

ಇನ್ನೊಂದು ವಿಷಯ. ಮುದ್ರಾಂಕ ಶುಲ್ಕ ಬೇರೆ, ನೋಂದಣಿ ಶುಲ್ಕ ಬೇರೆ. ಮೊದಲನೆಯದನ್ನು ಏರಿಸಬೇಕಾದರೆ ಕಾಯ್ದೆಯ ಪಟ್ಟಿ ತಿದ್ದಬೇಕು, ಅಂದರೆ ಸದನಕ್ಕೆ ಬಿಲ್ ಬರಬೇಕು. ಎರಡನೆಯದಕ್ಕೆ ಬಿಲ್ಲೇ ಬೇಡ. 1908ರ ನೋಂದಣಿ ಕಾಯ್ದೆಯ ಸೆಕ್ಷನ್ 78 ಆ ದರ ಗೊತ್ತು ಮಾಡುವ ಅಧಿಕಾರವನ್ನು ಸರ್ಕಾರಕ್ಕೇ ಕೊಟ್ಟಿದೆ. 2025ರ ಆಗಸ್ಟ್ 31ರಿಂದ ಶೇ. 1 ಇದ್ದದ್ದು ಶೇ. 2 ಆಯ್ತಲ್ಲ, ಅದು ಹಾಗೆ ಆದದ್ದು. "ಬಿಲ್ ಪಾಸ್, ರಿಜಿಸ್ಟ್ರಿ ಡಬಲ್" ಎಂದು ಬರೆದವನಿಗೆ ಈ ವ್ಯತ್ಯಾಸವೇ ಗೊತ್ತಿಲ್ಲ.

ಮಣಿಪಾಲ: ಈಗ 50 ಲಕ್ಷದ ಫ್ಲಾಟಿಗೆ ಒಟ್ಟು ಎಷ್ಟು ಬೀಳುತ್ತದೆ ಸರ್?

ವಕೀಲರು: ಮುದ್ರಾಂಕ ಶೇ. 5. ಅದರ ಮೇಲೆ ಹತ್ತನೇ ಒಂದು ಪಾಲು ಸೆಸ್, ಪೇಟೆಯಲ್ಲಾದರೆ ಆ ಮುದ್ರಾಂಕದ ನೂರಕ್ಕೆ ಎರಡು ಸರ್‌ಚಾರ್ಜ್. ನೋಂದಣಿ ಶೇ. 2. ಒಟ್ಟು ಶೇ. 7.6, ಅಂದರೆ 3,80,000. ಮೊದಲು 3,30,000 ಇತ್ತು.

ಪಡುಬಿದ್ರಿ: ಸರ್, ನಮ್ಮ ಜಾಗದ 9/11, ಪಂಚಾಯತಿನ ನಮೂನೆ 9 ಮತ್ತು 11ರ ಆಸ್ತಿ ಕಾಗದ, ಇನ್ನೂ ಆಗಿಲ್ಲ. ಪಂಚಾಯತಿನವರು ನಾಳೆ ಬನ್ನಿ ಅನ್ನುತ್ತಾರೆ. ಏನು ಮಾಡುವುದು?

ಮಲ್ಪೆ: ನಮ್ಮ ಜಿಲ್ಲೆಗೆ ಐದು ಜನ ಶಾಸಕರಿದ್ದಾರೆ. ಅವರು ಸದನದಲ್ಲಿ ಎದ್ದು ನಿಂತು "ಈ ಶುಲ್ಕ ಇಳಿಸಿ" ಅಂತ ತಿದ್ದುಪಡಿ ತರಬಾರದಾ? ಸುಮ್ನೆ ಕೂತು ಭತ್ಯೆ ತೆಗೆದುಕೊಳ್ಳುವುದಾ?

ವಕೀಲರು: ತರಬಹುದು. ಈ ವಿಷಯದಲ್ಲಿ ನಮ್ಮ ಸಂವಿಧಾನ ಒಂದು ಮಜಾ ಮಾಡಿಟ್ಟಿದೆ. ತೆರಿಗೆ ಹಾಕುವ ಬಿಲ್ಲಿಗೆ, ತೆರಿಗೆ ಏರಿಸುವ ತಿದ್ದುಪಡಿಗೆ ರಾಜ್ಯಪಾಲರ ಶಿಫಾರಸು ಬೇಕು. ಅಂದರೆ ಮಂತ್ರಿಯೇ ತರಬೇಕು. ಆದರೆ ತೆರಿಗೆ ಇಳಿಸಿ, ತೆಗೆದುಬಿಡಿ ಎನ್ನುವ ತಿದ್ದುಪಡಿಗೆ ಆ ಶಿಫಾರಸು ಬೇಡ. 207ನೇ ವಿಧಿ. ಹಿಂದಿನ ಸಾಲಿನ ಶಾಸಕನೂ ತರಬಹುದು.

ಬಜೆಟ್ಟಿನ ಖರ್ಚಿನ ಕಡೆ ಕತೆ ಬೇರೆ. ಇಲಾಖೆಗಳ ಬೇಡಿಕೆ ಬಂದಾಗ ಸದನ ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು. ಏರಿಸುವ ಹಾಗಿಲ್ಲ. ಅದು ಮುಗಿದು, ಆ ಹಣ ಖಜಾನೆಯಿಂದ ತೆಗೆಯಲು ಧನವಿನಿಯೋಗ ವಿಧೇಯಕ ಬಂದಾಗ ಮೊತ್ತ ಬದಲಿಸುವ ತಿದ್ದುಪಡಿಯೇ ಇಲ್ಲ. ಮಲ್ಪೆ ಬಂದರಿಗೆ ಇಟ್ಟದ್ದನ್ನು ಇನ್ನೊಂದು ಕಡೆಗೆ ತಿರುಗಿಸುವ ಹಾಗೂ ಇಲ್ಲ. ಬಹುಮತ ಸರ್ಕಾರದ್ದು, ಹಾಗಾಗಿ ತಿದ್ದುಪಡಿಗಳು ಹೆಚ್ಚಾಗಿ ಬೀಳುತ್ತವೆ. ಆದರೂ ಮಂಡಿಸಿದ್ದು ಕಡತದಲ್ಲಿ ಉಳಿಯುತ್ತದೆ. ನಿಮ್ಮ ಶಾಸಕರು ಮಂಡಿಸಿದರಾ ಎಂದು ಅವರನ್ನೇ ಕೇಳಿ.

ಮಲ್ಪೆ: ಡೀಸೆಲ್ ತೆರಿಗೆ ಏರಿಸುವಾಗ ಯಾರೂ ಬಾಯಿ ಬಿಡಲಿಲ್ಲವಲ್ಲ. ಬೋಟಿನವರ ಹೊಟ್ಟೆಗೆ ಹೊಡೆದರು.

ವಕೀಲರು: 2024ರ ಜೂನಿನಲ್ಲಿ ಏರಿದ್ದು ಅಧಿಸೂಚನೆಯಲ್ಲಿ. ಅದಕ್ಕೂ ಬಿಲ್ ಬಂದಿರಲಿಲ್ಲ.

ಕುಂದಾಪುರ: ಪರಿಷತ್ತು ಅಂತ ಒಂದು ಯಾಕೆ ಇಟ್ಟುಕೊಂಡಿದ್ದಾರೆ ಮಾರಾಯ್ರೆ? 75 ಜನ ಕೂತು ಎಂತ ಮಾಡುವುದು?

ಮೂಡುಬಿದಿರೆ: ಹಾಗೆ ಹೇಳಬೇಡಿ. 2024ರಲ್ಲಿ ದೇವಸ್ಥಾನದ ಹುಂಡಿಗೆ ಕೈ ಹಾಕಲು ಹೋದ ಬಿಲ್ಲನ್ನು ಬೀಳಿಸಿದ್ದು ಪರಿಷತ್ತೇ.

ಕುಂದಾಪುರ: ಬೀಳಿಸಿ ಏನಾಯ್ತು? ವಾರದೊಳಗೆ ವಿಧಾನಸಭೆ ಮತ್ತೆ ಪಾಸ್ ಮಾಡಿತು.

ವಕೀಲರು: ಇಬ್ಬರದ್ದೂ ಅರ್ಧ ಸರಿ. ಆ ಫೆಬ್ರವರಿಯಲ್ಲಿ ಪರಿಷತ್ತು ಧ್ವನಿಮತದಿಂದ ತಿರಸ್ಕರಿಸಿತು, ವಿಧಾನಸಭೆ ಮತ್ತೆ ಒಪ್ಪಿತು. ಸಾಮಾನ್ಯ ಬಿಲ್ಲನ್ನು ಪರಿಷತ್ತು ತಡೆಯಬಹುದು, ಕೊಲ್ಲುವ ಹಾಗಿಲ್ಲ. ಧನ ವಿಧೇಯಕ ಎಂದು ಸಭಾಧ್ಯಕ್ಷರು ಪ್ರಮಾಣೀಕರಿಸಿದರೆ ಪರಿಷತ್ತಿಗೆ ಸಿಗುವುದು 14 ದಿನ ಮಾತ್ರ. ಸಲಹೆ ಕೊಡಬಹುದು. ಒಪ್ಪುವುದು ಬಿಡುವುದು ಕೆಳಮನೆಗೆ ಬಿಟ್ಟದ್ದು.

ಮೂಡುಬಿದಿರೆ: ಕೊಲ್ಲೂರು, ಕಟೀಲಿನ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು.

ಕುಂದಾಪುರ: ನಿಮಗೆ ಗೊತ್ತಿದ್ದರೆ ಹೇಳಿ. ದೊಡ್ಡ ದೇವಸ್ಥಾನಗಳು ಆದಾಯದಲ್ಲಿ ಪಾಲು ಹಾಕುವ ನಿಧಿ ಅದು, ಆದಾಯ ಇಲ್ಲದ ಸಣ್ಣ ದೇವಸ್ಥಾನಗಳಿಗೆ. ನಮ್ಮೂರ ಗುಡಿಯಲ್ಲಿ ದೀಪದ ಎಣ್ಣೆಗೂ ತತ್ವಾರ. ವರ್ಷದ ಆದಾಯ 10 ಲಕ್ಷ ಮೀರಿದರೆ ಶೇ. 10 ಕೊಡುವುದು ಮೊದಲೂ ಇತ್ತು. ಹೊಸ ಬಿಲ್ಲಿನಲ್ಲಿ 1 ಕೋಟಿ ಮೀರಿದವಕ್ಕೆ ಶೇ. 10, 10 ಲಕ್ಷದಿಂದ 1 ಕೋಟಿವರೆಗೆ ಶೇ. 5. ಓದದೆ ಕಿರುಚುವುದು ಯಾಕೆ?

ಮೂಡುಬಿದಿರೆ: ಕಿರುಚಿದ್ದು ಯಾರು? ಮಾತು ನೋಡಿ ಆಡಿ.

ಅಡ್ಮಿನ್: ರಾಜಕೀಯ ಬೇಡ ಅಂದಿದ್ದೆ.

ಬ್ರಹ್ಮಾವರ: ಸರ್, ನಡುವೆ ಬರುತ್ತೇನೆ, ಕ್ಷಮಿಸಿ. ನನ್ನ ಅಮ್ಮನಿಗೆ 81. ನಿನ್ನೆ ರಾತ್ರಿ ಸೋದರಮಾವ ಮನೆಗೆ ಬಂದರು. ಬಿಲ್ ಪಾಸಾದರೆ ಶುಲ್ಕ ಜಾಸ್ತಿಯಾಗುತ್ತದೆ, ಈಗಲೇ ಸಹಿ ಹಾಕು ಅಂದರು. ಕುಟುಂಬದ ಜಾಗದ ಹಕ್ಕು ಬಿಡುಗಡೆ ಪತ್ರವಂತೆ. ಮೂರು ಹಾಳೆ, ಬರೇ ಬಿಳಿ ಕಾಗದ. ಅಮ್ಮ ಕೊನೆಯ ಹಾಳೆಯಲ್ಲಿ ಸಹಿ ಹಾಕಿದ್ದಾರೆ, ಹೆಬ್ಬೆರಳೂ ಒತ್ತಿದ್ದಾರೆ. ಶಾಯಿ ಹರಡಿ ಗುರುತು ಸರಿ ಕಾಣುವುದಿಲ್ಲ. ತಾರೀಕಿನ ಜಾಗ ಖಾಲಿ ಬಿಟ್ಟಿದ್ದಾರೆ. ಹಳೆ ತಾರೀಕಿನ ಸ್ಟ್ಯಾಂಪ್ ಕೊಡುವ ಜನ ಇದ್ದಾರೆ, ಆಮೇಲೆ ಹಚ್ಚುತ್ತೇನೆ ಅಂದರು. ನಾಳೆ ಚಿಕ್ಕಮ್ಮ ಬಂದು ಸಹಿ ಹಾಕಬೇಕು ಅಂತ ಕಾಗದ ನಮ್ಮಲ್ಲೇ ಬಿಟ್ಟಿದ್ದಾರೆ. ನನ್ನ ಪ್ರಶ್ನೆ: ಹಳೆ ತಾರೀಕು ಹಾಕಿದರೆ ಹಳೆ ಶುಲ್ಕವೇ ಸಾಕಾಗುತ್ತದಾ?

ಪಡುಬಿದ್ರಿ: ಸರ್, 9/11?

ವಕೀಲರು: ಬ್ರಹ್ಮಾವರದವರೇ, ಶುಲ್ಕ ಆಮೇಲೆ ನೋಡುವ. ಅಮ್ಮ ಅದನ್ನು ಓದಿದ್ದಾರಾ? ಯಾರಾದರೂ ಓದಿ ಹೇಳಿದ್ದಾರಾ?

ಬ್ರಹ್ಮಾವರ: ಇಲ್ಲ ಸರ್. ಕನ್ನಡಕ ಸಿಗಲಿಲ್ಲ. ಮಾವ ಹೇಳಿದ್ದು, ಅಮ್ಮ ಹಾಕಿದ್ದು.

ವಕೀಲರು: ಬೇರೆ ಕಾಗದಕ್ಕೂ ಸಹಿ ಹಾಕಿಸಿದ್ದಾರಾ? ನೆನಪು ಮಾಡಿ.

ಕಾಪು: ಇದಕ್ಕೆ ಸುಲಭದ ದಾರಿ ಬಂದಿದೆ ನೋಡಿ, ನನಗೆ ಫಾರ್ವರ್ಡ್ ಆದದ್ದು: "ರಿಜಿಸ್ಟ್ರಿ ಬೇಡವೇ ಬೇಡ. ಜಿಪಿಎ ಮತ್ತು ಕರಾರು ನೋಟರಿ ಹತ್ತಿರ ಮಾಡಿಸಿ, ಲಕ್ಷ ಉಳಿಸಿ."

ವಕೀಲರು: ಕಾಪುವಿನವರೇ, ಜಿಪಿಎಯಿಂದ, ಅಂದರೆ ಸಾಮಾನ್ಯ ಅಧಿಕಾರ ಪತ್ರದಿಂದ, ಜಾಗ ಮಾರಿದ ಹಾಗೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಟರಿ ಮೊಹರು ಕಂಡರೆ ಬ್ಯಾಂಕಿನವನೂ ನಗುತ್ತಾನೆ. ದಯವಿಟ್ಟು ಇಲ್ಲಿ ಹಾಕಬೇಡಿ.

ಬ್ರಹ್ಮಾವರ: ಇನ್ನೊಂದು ಹಾಳೆ ಇತ್ತಂತೆ ಸರ್. ಅಮ್ಮ "ಆಫೀಸಿಗೆ ನೀನು ಬರುವುದು ಬೇಡ, ನಾನೇ ಹೋಗುತ್ತೇನೆ ಎಂಬ ಕಾಗದ" ಅನ್ನುತ್ತಾರೆ. ಅದನ್ನು ಮಾವ ತೆಗೆದುಕೊಂಡು ಹೋಗಿದ್ದಾರೆ.

ವಕೀಲರು: ಅದು ಅಧಿಕಾರ ಪತ್ರ ಇರಬೇಕು, ಅಮ್ಮನ ಪರವಾಗಿ ಮಾವ ನಡೆದುಕೊಳ್ಳಲು ಒಪ್ಪಿಗೆ. ಸ್ವಲ್ಪ ಉದ್ದ ಬರೆಯುತ್ತೇನೆ, ಎರಡು ಸಲ ಓದಿ.

ಮೊದಲು ನಿಮ್ಮ ಪ್ರಶ್ನೆ. ಮುದ್ರಾಂಕ ಶುಲ್ಕಕ್ಕೆ ಲೆಕ್ಕ ಸಹಿ ಹಾಕಿದ ದಿನ. ಸಹಿಗಿಂತ ಮೊದಲು ಅಥವಾ ಸಹಿಯ ಹೊತ್ತಿಗೆ ಸ್ಟ್ಯಾಂಪ್ ಇರಬೇಕು. ನೋಂದಣಿ ಶುಲ್ಕಕ್ಕೆ ಲೆಕ್ಕ ಕಚೇರಿಯಲ್ಲಿ ಹಾಜರುಪಡಿಸಿದ ದಿನ. ಸಹಿಯಾದ ಮೇಲೆ ಹಾಜರುಪಡಿಸಲು ನಾಲ್ಕು ತಿಂಗಳು ಇರುತ್ತದೆ. ನಡುವೆ ನೋಂದಣಿ ದರ ಏರಿದರೆ ಹೊಸ ದರವೇ. ಹಳೆ ತಾರೀಕು ಬರೆದು ಅದನ್ನು ತಪ್ಪಿಸಲು ಆಗುವುದಿಲ್ಲ. ಇನ್ನು ಹಳೆ ತಾರೀಕಿನ ಸ್ಟ್ಯಾಂಪ್. ನಕಲಿ ಸ್ಟ್ಯಾಂಪಿನ ತೆಲಗಿ ಹಗರಣ ನೋಡಿದ ರಾಜ್ಯ ನಮ್ಮದು. ಇ-ಸ್ಟ್ಯಾಂಪಿನಲ್ಲಿ ನಂಬರು, ದಿನ, ಗಂಟೆ, ನಿಮಿಷ ಎಲ್ಲ ಇರುತ್ತದೆ. ಸ್ಟ್ಯಾಂಪ್ ಕಡಿಮೆ ಬಿದ್ದರೆ ಕೋರ್ಟಿನಲ್ಲಿ ಹತ್ತು ಪಟ್ಟು ದಂಡ. ಸುಳ್ಳು ತಾರೀಕು ಸಿಕ್ಕಿಬಿದ್ದರೆ ದಂಡದಲ್ಲಿ ಮುಗಿಯುವುದಿಲ್ಲ, ಅದು ಕ್ರಿಮಿನಲ್.

ಈಗ ನನ್ನ ಪ್ರಶ್ನೆ. ಅಣ್ಣ ತಂಗಿಯ ನಡುವಿನ ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶೇಕಡಾ ಲೆಕ್ಕದಲ್ಲಿ ಬೀಳುವುದಿಲ್ಲ. ಕುಟುಂಬದೊಳಗೆ ನಿಗದಿತ ಮೊತ್ತ, ಅದೂ ಸಣ್ಣದು. ಶೇ. 5 ಇದ್ದದ್ದು ನಾಳೆ ಶೇ. 6 ಆದರೂ ನಿಮ್ಮ ಮಾವನಿಗೆ ಬಾಧಕವಿಲ್ಲ. ಹಾಗಾದರೆ ರಾತ್ರಿ ಬಂದು, ಕನ್ನಡಕವಿಲ್ಲದ ಹೊತ್ತಿನಲ್ಲಿ, ತಾರೀಕು ಖಾಲಿ ಬಿಟ್ಟು ಸಹಿ ಹಾಕಿಸುವಷ್ಟು ಅವಸರ ಯಾಕೆ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಆದರೆ ಇದು ಶುಲ್ಕದ ಅವಸರ ಅಲ್ಲ.

ನೀವು ಅಳಿಯಕಟ್ಟಿನವರಾ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಬರುವ ಪದ್ಧತಿಯವರಾ? ಆಗಿದ್ದರೆ ಇನ್ನೂ ಜಾಗ್ರತೆ ಬೇಕು. ಆ ಪದ್ಧತಿಯಲ್ಲಿ ಕವರು, ಅಂದರೆ ಕುಟುಂಬದ ಕವಲು, ನಡೆಯುವುದು ಹೆಂಗಸಿನಿಂದ. ಅಮ್ಮ ಬಿಟ್ಟುಕೊಟ್ಟರೆ ನಿಮ್ಮ ಬೇರೇ ಕಡಿದ ಹಾಗೆ. ಅವರ ಪಾಲು ಎಷ್ಟು ಎಂದು 1949ರ ಅಳಿಯಸಂತಾನ ಕಾಯ್ದೆ, 1956ರ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಇಟ್ಟು ನೋಡಬೇಕು. ಅದನ್ನು ನೋಡದೆ ಬಿಡುಗಡೆ ಎನ್ನುವುದು ಎಷ್ಟು ಕೊಟ್ಟೆ ಅಂತ ಗೊತ್ತಿಲ್ಲದೆ ಕೊಟ್ಟ ಹಾಗೆ.

ಸಮಾಧಾನದ ಮಾತೂ ಉಂಟು. ನೋಂದಣಿ ಆಗದೆ ಆ ಪತ್ರದಿಂದ ಜಾಗದ ಹಕ್ಕು ಹೋಗುವುದಿಲ್ಲ. ನನಗೆ ಹೆದರಿಕೆ ಇರುವುದು ಮಾವ ಒಯ್ದ ಆ ಇನ್ನೊಂದು ಹಾಳೆಯದ್ದು. ಅದರಲ್ಲಿ ಅಮ್ಮನ ಪರವಾಗಿ ಪತ್ರ ಬರೆದುಕೊಡುವ ಅಧಿಕಾರ ಇದ್ದರೆ ಅವರೇ ಹೊಸ ಪತ್ರ ಮಾಡಿ ಹಾಜರುಪಡಿಸಲು ನೋಡಬಹುದು. ಅಧಿಕಾರ ಪತ್ರವನ್ನು ರದ್ದು ಮಾಡಲು ಆಗುತ್ತದೆ. ನಾಳೆಯೇ ಮಾಡುವ. ರದ್ದು ಮಾಡಿ ಮಾವನಿಗೂ ಉಪನೋಂದಣಿ ಕಚೇರಿಗೂ ಲಿಖಿತವಾಗಿ ತಿಳಿಸಬೇಕು. ಅಮ್ಮ ನಡೆಯಲಾರರು ಎಂದು ಚಿಂತೆ ಬೇಡ. ಕಾಯಿಲೆಯವರ ಮನೆಗೆ ಅಧಿಕಾರಿಯೇ ಬರಲು ನೋಂದಣಿ ಕಾಯ್ದೆಯ ಸೆಕ್ಷನ್ 31 ಇದೆ. ಯಾರು ಕೇಳಿದರೂ ಸಹಿ ಹಾಕಲಿಲ್ಲ ಎಂದು ಸುಳ್ಳು ಹೇಳಬೇಡಿ. ಹಾಕಿದ್ದೇನೆ, ಯಾರೂ ಓದಿ ಹೇಳಲಿಲ್ಲ ಎಂದು ಇದ್ದದ್ದನ್ನು ಹೇಳಲಿ. ಈಗ ಆ ಮೂರು ಹಾಳೆಗಳ ಫೋಟೋ ತೆಗೆಯಿರಿ. ಗುಂಪಿಗೆ ಹಾಕಬೇಡಿ, ನನಗೆ ಮಾತ್ರ ಕಳುಹಿಸಿ.

ಮಣಿಪಾಲ: ಸರ್, ಹಾಗಾದರೆ 7.6 ನಾಳೆ ಬದಲಾಗುವುದಿಲ್ಲ ಅಲ್ವಾ?

ವಕೀಲರು: ಮೇಲೆ ಬರೆದಿದೆ.

ಸುರತ್ಕಲ್: ಬಿಲ್ ಪಾಸಾದರೆ ಅವತ್ತೇ ಜಾರಿಯಾ ಸರ್?

ವಕೀಲರು: ಮೇಲೆ ಓದಿ.

ಸುರತ್ಕಲ್: ಒಂದು ಸಾಲು ಹೇಳಲು ಕಷ್ಟವಾ? ಸೇವೆ ಅಂತ ಕೂತ ಮೇಲೆ ತಾಳ್ಮೆ ಬೇಕು.

ವಕೀಲರು: ಸೇವೆ ಅಂತ ಕೂತದ್ದಕ್ಕೇ ಊಟ ಬಿಟ್ಟು ಟೈಪ್ ಮಾಡುತ್ತಿದ್ದೇನೆ. ಮೇಲೆ ಓದಿ.

ಕುಂದಾಪುರ: ಮೂಡುಬಿದಿರೆಯವರು ಇನ್ನೂ ಉತ್ತರ ಕೊಟ್ಟಿಲ್ಲ. ದುಡ್ಡು ಎಲ್ಲಿಗೆ ಹೋಗುತ್ತದೆ?

ಮೂಡುಬಿದಿರೆ: ನಿಮಗೆ ಉತ್ತರ ಕೊಡಲು ನಾನು ನಿಮ್ಮ ಗುಮಾಸ್ತನಾ? ಕೆಲವರಿಗೆ ದೇವಸ್ಥಾನದ ಮೇಲೆ ಮಾತ್ರ ಕಣ್ಣು. ಹೊಸ ಬೈಕಿಗೆ 500, ಕಾರಿಗೆ 1,000 ಸೆಸ್ ಹಾಕುವ ಬಿಲ್ 2024ರ ಡಿಸೆಂಬರಿನಲ್ಲಿ ಬಂತಲ್ಲ, ಆಗ ಎಲ್ಲಿದ್ದಿರಿ?

ಕುಂದಾಪುರ: ಅದು ಚಾಲಕರ ಕಲ್ಯಾಣಕ್ಕೆ. ನಿಮಗೆ ಚಾಲಕರೂ ಬೇಡ, ಸಣ್ಣ ಗುಡಿಯೂ ಬೇಡ.

ಮಲ್ಪೆ: ಎಲ್ಲದಕ್ಕೂ ಕಲ್ಯಾಣ ಅಂತ ಹೆಸರು. ಬೋಟಿನವರ ಕಲ್ಯಾಣ ಯಾವಾಗ?

ಕಾಪು: ಇದು ಬೇರೆ ಮೆಸೇಜು, ನೋಡಿ ಸರ್: "ಖಾಲಿ ಚೆಕ್ಕಿನ ಹಿಂದೆ ಬರೆದರೆ ಸ್ಟ್ಯಾಂಪೇ ಬೇಡ, ಕೋರ್ಟು ಒಪ್ಪುತ್ತದೆ..."

ವಕೀಲರು: ಅಡ್ಮಿನ್, ಇವರನ್ನು ಒಂದು ಗಂಟೆ ಸುಮ್ಮನಿರಿಸಿ. ನನ್ನ ಕಚೇರಿಗೆ ಬರುವ ನಾಲ್ಕು ಕೇಸಲ್ಲಿ ಒಂದು ಇಂಥ ಮೆಸೇಜು ನಂಬಿ ಕೆಟ್ಟದ್ದು. ಕಳುಹಿಸಿದವನು ವಕೀಲನಿಗೆ ಫೀಸು ಕೊಡುವುದಿಲ್ಲ.

ಕಾಪು: ಒಳ್ಳೇದಕ್ಕೆ ಹಾಕಿದೆ. ಬೇಡದಿದ್ದರೆ ಬಿಡಿ.

ಅಡ್ಮಿನ್: ಕುಂದಾಪುರ, ಮೂಡುಬಿದಿರೆ, ಕಾಪು: ಮೂವರಿಗೂ ನಾಳೆವರೆಗೆ ಬರೆಯಲು ಅವಕಾಶ ಇಲ್ಲ.

ಪಡುಬಿದ್ರಿ: ಜಗಳಕ್ಕೆ ಟೈಮ್ ಉಂಟು, ನನ್ನ 9/11ಕ್ಕೆ ಇಲ್ಲ. ಮೂರನೇ ಸಲ ಕೇಳುವುದು.

ಬ್ರಹ್ಮಾವರ: ಸರ್, ಫೋಟೋ ಕಳುಹಿಸಿದ್ದೇನೆ. ಎರಡನೇ ಹಾಳೆಯಲ್ಲಿ ಸರ್ವೆ ನಂಬರಿನ ಜಾಗವೂ ಖಾಲಿ ಇದೆ. ಈಗ ನೋಡಿದೆ.

ವಕೀಲರು: ನೋಡಿದೆ. ಖಾಲಿ ಜಾಗಕ್ಕೆ ನೀವು ಪೆನ್ನು ತಾಗಿಸಬೇಡಿ, ಗೆರೆಯನ್ನೂ ಎಳೆಯಬೇಡಿ. ನಾಳೆ ಬೆಳಿಗ್ಗೆ 9ಕ್ಕೆ ಅಮ್ಮನ ಕನ್ನಡಕ ಹುಡುಕಿಕೊಂಡು ಬನ್ನಿ. ಚಿಕ್ಕಮ್ಮನಿಗೆ ಈಗಲೇ ಫೋನ್ ಮಾಡಿ, ಸಹಿ ಹಾಕಬೇಡಿ ಅನ್ನಿ.

ಬ್ರಹ್ಮಾವರ: ಸರ್, ಮಾವನ ಸ್ಕೂಟರು ಅಂಗಳಕ್ಕೆ ಬಂತು. ಕಾಗದ ಕೇಳಿದರೆ?

ವಕೀಲರು: ಕೊಡಬೇಡಿ. ವಕೀಲರ ಹತ್ತಿರ ಇದೆ ಅನ್ನಿ. ನಾನು ಫೋನ್ ಮಾಡುತ್ತಿದ್ದೇನೆ, ಎತ್ತಿ.