ನಡುಕ ಮೊದ್ಲೋ, ಕಾವು ಮೊದ್ಲೋ

ಮಂಡ್ಯದ ನೂರಡಿ ರಸ್ತೆ. ಟೀ ಅಂಗಡಿ ಮುಂದೆ 1998ರ ಮಾರುತಿ 800 ಬಾನೆಟ್ ತೆರೆದುಕೊಂಡು ನಿಂತಿದೆ. ಮಾಲೀಕ ಪುಟ್ಸಾಮಿ ಕೈಯಲ್ಲಿ ನೀರಿನ ಚೊಂಬು. ಜೊತೆಗೆ ಮೆಕ್ಯಾನಿಕ್ ಕರಿಯಣ್ಣ, ಐಟಿಐಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಮತ್ತೆ ಯಾರೂ ಕರೆಯದಿದ್ದರೂ ಬಂದಿರುವ ಸಿದ್ದ.

ಪುಟ್ಸಾಮಿ: ಮೈ ಕಾಯ್ತದೆ, ಗಡಗಡ ನಡುಗ್ತದೆ. ಎರಡೂ ಒಟ್ಗೇ.

ಸಿದ್ದ: ಮಲೇರಿಯಾ ಕಣ್ಲಾ. ರಕ್ತ ಟೆಸ್ಟ್ ಮಾಡ್ಸು.

ಮೇಷ್ಟ್ರು: ಟೆಸ್ಟ್ ಮಾಡೋದೇ ಸರಿ. ಮೊದಲು ಚೊಂಬು ಕೆಳಗಿಡಪ್ಪ, ರೇಡಿಯೇಟರ್ ಕ್ಯಾಪ್ ಮುಟ್ಟಬೇಡ. ಒಳಗಿನ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯದ ಹಾಗೆ ಆ ಕ್ಯಾಪು ಚದರ ಸೆಂಟಿಮೀಟರಿಗೆ 0.9 ಕೆಜಿ ಒತ್ತಡದಲ್ಲಿ ಅಮುಕಿ ಹಿಡಿದಿರುತ್ತೆ. ನೀನು ತಿರುಗಿಸಿದ ಕ್ಷಣ ಒತ್ತಡ ಹೋಗಿ ಕುದಿನೀರು, ಆವಿ ಎಲ್ಲಾ ನಿನ್ನ ಮುಖಕ್ಕೆ.

ಸಿದ್ದ: ಬ್ಯೂಟಿ ಪಾರ್ಲರಲ್ಲಿ ಇದಕ್ಕೇ ಐನೂರು ಈಸ್ಕತಾರೆ ಸಾ.

ಕರಿಯಣ್ಣ: ಮ್ಯಾಲಿನ ಹೋಸು ಹಿಸುಕಿದ್ರೆ ಮೆತ್ತಗಾಗ್ಬೇಕು, ಆಮೇಲೆ ಕ್ಯಾಪು. ಅರ್ಧ ಗಂಟೆ ಬೇಕೇ ಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದ್ರೆ ಎಂಜಿನ್ ಮ್ಯಾಲಿನ ಮುಚ್ಚಳ, ಅದೇ ಹೆಡ್ಡು, ಬಿರುಕು ಬುಡ್ತದೆ. ಅದಿರ್ಲಿ, ಎಲ್ಲೆಲ್ಲಿ ಕಾಯ್ತದೆ ಹೇಳು. ಪೇಟೆ ಬೀದೀಲಾ, ಮೈಸೂರು ರೋಡಲ್ಲಾ?

ಪುಟ್ಸಾಮಿ: ಎರಡರಲ್ಲೂ ಕಣಣ್ಣ.

ಕರಿಯಣ್ಣ: ಪೇಟೆ ಬೀದೀಲಿ ಮಾತ್ರ ಕಾದು ಹೈವೇಲಿ ತಣ್ಣಗಿದ್ದಿದ್ರೆ ಫ್ಯಾನ್ ಮ್ಯಾಲೇ ಅನುಮಾನ. ಓಡುವಾಗ ಗಾಳಿ ಸುಮ್ನೆ ಬತ್ತದೆ, ನಿಂತಾಗ ಫ್ಯಾನೇ ಎಳೀಬೇಕು. ರೇಡಿಯೇಟರಲ್ಲಿರೋ ಫ್ಯಾನ್ ಸ್ವಿಚ್ಚಿನ ಎರಡೂ ವೈರು ಕಿತ್ತು ಒಂದಕ್ಕೊಂದು ಮುಟ್ಸಿ ಕೀ ಆನ್ ಮಾಡು. ಫ್ಯಾನ್ ತಿರುಗಿದ್ರೆ ಸ್ವಿಚ್ ಸತ್ತೈತೆ. ತಿರುಗ್ನಿಲ್ಲ ಅಂದ್ರೆ ಫ್ಯೂಸು, ರಿಲೇ, ಕೊನೇಗೆ ಮೋಟ್ರು. ಮೋಟ್ರಿಂದ ಶುರು ಮಾಡೋನು ಅಂಗಡಿಯೋನ ಭಾವಮೈದ.

ಮೇಷ್ಟ್ರು: ಹೈವೇಲೇ ಕಾದ್ರೆ ಕಥೆ ಬೇರೆ. ನೀರು ಹರೀತಿಲ್ಲ ಅಂತ. ನೀನು ರೇಡಿಯೇಟರಿಗೆ ಏನು ಹಾಕ್ತೀಯ?

ಪುಟ್ಸಾಮಿ: ಬೋರ್ವೆಲ್ ನೀರು. ಕಾವೇರಿ ನೀರು ಎರಡು ದಿನಕ್ಕೊಂದ್ಸಲ ಬುಡೋದು ಸಾ.

ಮೇಷ್ಟ್ರು: ಗಡಸು ನೀರು ಕಾದಾಗ ಸುಣ್ಣ ಕಟ್ಟುತ್ತೆ. ರೇಡಿಯೇಟರ್ ಕೊಳವೆಗಳೇ ಸಣ್ಣ, ಅದರಲ್ಲಿ ಅರ್ಧ ಮುಚ್ಚಿದ್ರೆ ಮುಗೀತು. ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ. ಡಬ್ಬಿ ಮೇಲೆ ಮೊದಲೇ ಬೆರೆಸಿದ್ದು ಅಂತಿದ್ರೆ ನೀರು ಸೇರಿಸಬೇಡ. ಎಂಜಿನ್ ಬಿಸಿಯಿದ್ದಾಗ ನಿಲ್ಲಿಸಿ, ಫ್ಯಾನ್ ವೈರ್ ಕಿತ್ತಿಟ್ಟು, ರೇಡಿಯೇಟರ್ ಫಿನ್ ಮೇಲೆ ಕೈಯಾಡಿಸು. ಅಲ್ಲಲ್ಲಿ ತಣ್ಣಗಿದ್ರೆ ಅಲ್ಲೆಲ್ಲ ಕಟ್ಟಿಕೊಂಡಿದೆ.

ಕರಿಯಣ್ಣ: ಬೆಲ್ಟೂ ನೋಡ್ಬೇಕು. ಈ ಗಾಡೀಲಿ ಆಲ್ಟರ್ನೇಟರು, ವಾಟರ್ ಪಂಪು ಒಂದೇ ಬೆಲ್ಟಲ್ಲಿ ತಿರುಗ್ತವೆ. ಮಧ್ಯೆ ಹೆಬ್ಬೆಟ್ಟಲ್ಲಿ ಒತ್ತಿದ್ರೆ ಒಂದು ಸೆಂಟಿಮೀಟರಿನೊಳಗೆ ತಗ್ಗಬೇಕು, ಜಾಸ್ತಿಯಾದ್ರೆ ಜಾರ್ತದೆ. ಪಂಪಿನ ತಳದ ಸಣ್ಣ ತೂತಲ್ಲಿ ತೊಟ್ಟಿಕ್ತಿದ್ರೆ ಸೀಲು ಹೋಗೈತೆ.

ಸಿದ್ದ: ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕು, ಎಲ್ಲಾ ಸರಿಹೋಯ್ತದೆ ಅಂತ ನಮ್ಮೂರಲ್ಲಿ ಎಲ್ರೂ ಅಂತಾರೆ.

ಮೇಷ್ಟ್ರು: ಹಾಗೆ ಹೇಳೋರ ಗ್ಯಾರೇಜಿಗೆ ಹೋಗಲೇಬಾರದು. ಎಂಜಿನ್ ಕಾಯೋವರೆಗೂ ನೀರನ್ನ ರೇಡಿಯೇಟರಿಗೆ ಬಿಡದ ವಾಲ್ವ್ ಅದು. ಅದಿಲ್ದಿದ್ರೆ ಎಂಜಿನ್ ಬೇಗ ಕಾಯೋದೇ ಇಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸಿಲಿಂಡರ್ ಒಳಗೋಡೆ ಬೇಗ ಸವೆಯುತ್ತೆ. ತೆಗೆದು ಹಳೇ ಡಬ್ಬಿಯಲ್ಲಿ ನೀರಿಗೆ ಹಾಕಿ ಕಾಯಿಸು. 82 ಡಿಗ್ರಿ ಸುಮಾರಿಗೆ ಬಾಯಿ ಬಿಡಬೇಕು. ಬಿಡದಿದ್ರೆ ಹೊಸದು ಹಾಕು, ಅಷ್ಟೇ. ಅಡುಗೆ ಪಾತ್ರೆ ಬೇಡ, ಕೂಲಂಟ್ ವಿಷ.

ಸಿದ್ದ: ಸಿಹಿ ವಾಸನೆ ಬತ್ತದಲ್ಲ ಸಾ?

ಮೇಷ್ಟ್ರು: ಅದಕ್ಕೇ ನಾಯಿಗಳು ನೆಕ್ಕಿ ಸಾಯೋದು. ಚೆಲ್ಲಿದ್ದನ್ನ ತೊಳೆದುಬಿಡ್ರಪ್ಪ.

ಕರಿಯಣ್ಣ: ಇವಾಗ ನಡುಕ. ಮೂರು ಸಿಲಿಂಡರ್ ಗಾಡಿ ನ್ಯೂಟ್ರಲ್ಲಲ್ಲಿ ಸ್ವಲ್ಪ ನಡುಗದು ಹುಟ್ಟುಗುಣ. ರೇಸ್ ಕೊಟ್ಟರೆ ಹೋಗಿ, ನಿಂತಾಗ ಸ್ಟೇರಿಂಗೂ ನಡುಗಿದ್ರೆ ಎಂಜಿನ್ ಮೌಂಟಿಂಗ್ ರಬ್ಬರ್ ಸೀಳಿರ್ತದೆ. ರೇಸ್ ಕೊಟ್ರೂ ಮುಗ್ಗರಿಸಿದ್ರೆ ಒಂದು ಸಿಲಿಂಡರ್ ಕೆಲ್ಸ ಮಾಡ್ತಿಲ್ಲ. ಮೂರರಲ್ಲಿ ಒಂದು ಅಂದ್ರೆ ಮೂರನೇ ಒಂದು ಭಾಗ ಹೋಯ್ತು. ರಬ್ಬರ್ ಹಿಡಿಯ ಪ್ಲೈಯರಲ್ಲಿ ಸ್ಪಾರ್ಕ್ ಪ್ಲಗ್ ವೈರು ಒಂದೊಂದೇ ತಗುದು ಹಾಕು. ಯಾವುದು ತಗುದ್ರೂ ಎಂಜಿನ್ ಕುಗ್ಗಲ್ಲವೋ ಅದೇ ಸತ್ತಿರೋದು.

ಪುಟ್ಸಾಮಿ: ಬೆಳಿಗ್ಗೆ ಮೊದ್ಲ ಸ್ಟಾರ್ಟಲ್ಲಿ ಎರಡು ನಿಮಿಷ ಜಾಸ್ತಿ ನಡುಗ್ತದೆ, ಬಿಳೀ ಹೊಗೆ. ಆಮೇಲೆ ಸರಿ. ನೀರು ಹಾಕಿದ್ರೂ ಕಮ್ಮಿಯಾಯ್ತಾನೆ ಇರ್ತದೆ, ಕೆಳಗೆಲ್ಲೂ ಸೋರಲ್ಲ.

(ಕರಿಯಣ್ಣನೂ ಮೇಷ್ಟ್ರೂ ಮುಖ ಮುಖ ನೋಡಿಕೊಂಡರು.)

ಮೇಷ್ಟ್ರು: ಇದನ್ನ ಮೊದಲೇ ಹೇಳೋದಲ್ವೇನಪ್ಪ! ಹೆಡ್ ಗ್ಯಾಸ್ಕೆಟ್, ಅಂದ್ರೆ ಎಂಜಿನ್ ಬ್ಲಾಕಿಗೂ ಹೆಡ್ಡಿಗೂ ನಡುವಿನ ತೆಳು ಹಾಳೆ, ತೂತಾಗಿದೆ. ರಾತ್ರಿ ಒತ್ತಡದಲ್ಲಿ ನೀರು ಹನಿಹನಿಯಾಗಿ ಸಿಲಿಂಡರಿಗೆ ಇಳಿಯುತ್ತೆ. ಬೆಳಿಗ್ಗೆ ಪ್ಲಗ್ ಒದ್ದೆ, ಒಂದು ಸಿಲಿಂಡರ್ ಉರಿಯಲ್ಲ, ಅದೇ ನಡುಕ. ಬಿಸಿಯಾದ ಮೇಲೆ ತಿರುಗುಮುರುಗು. ಉರಿದ ಗ್ಯಾಸ್ ನೀರಿನೊಳಕ್ಕೆ ನುಗ್ಗಿ, ನೀರನ್ನ ಹೊರಗೆ ತಳ್ಳುತ್ತೆ. ಅದೇ ಕಾವು. ಎರಡೂ ಒಂದೇ ತೂತಿನ ಕೆಲಸ.

ಪುಟ್ಸಾಮಿ: ಒಂದೊಂದ್ಸಲ ಟೆಂಪರೇಚರ್ ಮುಳ್ಳು ದಡಕ್ಕನೆ ಕೆಳಗಿಳೀತದೆ, ತಣ್ಣಗಾಯ್ತು ಅನ್ಕೊತಿದ್ದೆ.

ಮೇಷ್ಟ್ರು: ನೀರೇ ಇಲ್ಲದೆ ಸೆನ್ಸರ್ ಗಾಳಿಯಲ್ಲಿ ನಿಂತಿರುತ್ತೆ. ಆಗ ತಕ್ಷಣ ನಿಲ್ಲಿಸಬೇಕು.

ಕರಿಯಣ್ಣ: ಗಟ್ಟಿ ಮಾಡ್ಕೊಳವಾ. ತಣ್ಣಗಾದ್ಮೇಲೆ ಕ್ಯಾಪ್ ತಗುದು ಸ್ಟಾರ್ಟ್ ಮಾಡು, ನೀರಲ್ಲಿ ಗುಳ್ಳೆ ಬತ್ತಾನೇ ಇದ್ರೆ ಗ್ಯಾಸ್ಕೆಟ್ಟೇ ಅನ್ನದು ಗ್ಯಾರಂಟಿ. ಅದಕ್ಕೂ ಮೊದ್ಲು ಆಯಿಲ್ ಕಡ್ಡಿ ಎಳೆದು ನೋಡು, ಹಾಲು ಹಾಕಿದ ಕಾಫಿ ಬಣ್ಣ ಇದ್ರೆ ಆಯಿಲ್‌ಗೂ ನೀರು ಸೇರೈತೆ, ಸ್ಟಾರ್ಟ್ ಮಾಡಲೇಬ್ಯಾಡ. ಆಮೇಲೆ ಕಂಪ್ರೆಷನ್, ಅಂದ್ರೆ ಸಿಲಿಂಡರೊಳಗಿನ ಒತ್ತಡ, ಗೇಜಲ್ಲಿ ನೋಡು. ಮೂರೂ ಪ್ಲಗ್ ತಗುದು, ಕಾಯಿಲ್ ವೈರ್ ಕಿತ್ತು, ಆಕ್ಸಿಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರಲ್ಲಿ ಐದಾರು ಸುತ್ತು ತಿರುಗ್ಸು. 12 ಕೆಜಿ ಸುಮಾರು ಬರ್ಬೇಕು. ಮೂರರೊಳಗೆ ವ್ಯತ್ಯಾಸ 1 ಕೆಜಿ ದಾಟಬಾರ್ದು. ಕಮ್ಮಿ ಇರೋದಕ್ಕೆ ಒಂದು ಚಮಚ ಆಯಿಲ್ ಬುಟ್ಟು ಮತ್ತೆ ನೋಡು. ಏರಿದ್ರೆ ಪಿಸ್ಟನ್ ರಿಂಗು, ಏರಲಿಲ್ಲ ಅಂದ್ರೆ ವಾಲ್ವೋ ಗ್ಯಾಸ್ಕೆಟ್ಟೋ. ಅಕ್ಕಪಕ್ಕದ ಎರಡೂ ಬಿದ್ದಿದ್ರೆ ಅವುಗಳ ನಡುವಿನ ಗ್ಯಾಸ್ಕೆಟ್ಟೇ.

ಸಿದ್ದ: ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದ್ರೆ ತೂತು ಮುಚ್ಕತದಂತೆ?

ಕರಿಯಣ್ಣ: ಮುಚ್ಚುತ್ತೆ, ಕೊಳವೇನೂ ಮುಚ್ಚುತ್ತೆ. ಉಪ್ಪು, ಮೆಣಸಿನಕಾಯಿನೂ ಹಾಕು, ಸಾರಾಯ್ತದೆ.

ಪುಟ್ಸಾಮಿ: ಗ್ಯಾಸ್ಕೆಟ್ ಮಾತ್ರ ಬದಲಾಯಿಸಿದ್ರೆ ಸಾಕಲ್ವಾ?

ಮೇಷ್ಟ್ರು: ಕಾದ ಹೆಡ್ಡು ಅಲ್ಯೂಮಿನಿಯಂ, ಬಾಗಿರುತ್ತೆ. ಅದರ ಮೇಲೆ ನೇರ ಪಟ್ಟಿ ಇಟ್ಟು, ಸಂದಿಗೆ ಫೀಲರ್ ಗೇಜಿನ ತೆಳು ತಗಡು ತೂರಿಸು. 0.05 ಮಿಲಿಮೀಟರಿಗಿಂತ ಹೆಚ್ಚಿದ್ರೆ ಫೇಸಿಂಗ್, ಅಂದ್ರೆ ಉಜ್ಜಿ ಸಮತಟ್ಟು, ಮಾಡಿಸಲೇಬೇಕು. ಇಲ್ಲಾಂದ್ರೆ ಹೊಸ ಗ್ಯಾಸ್ಕೆಟ್ಟೂ ಸುಡುತ್ತೆ. ಬೋಲ್ಟ್ ಬಿಗಿಯೋದು ನಡುವಿನಿಂದ ಹೊರಕ್ಕೆ, ಎರಡು ಮೂರು ಹಂತದಲ್ಲಿ, ಟಾರ್ಕ್ ವ್ರೆಂಚಲ್ಲಿ. ಕೈಯಂದಾಜು ಬೇಡ. ಬಿಚ್ಚಿದ ಮೇಲೆ ಟೈಮಿಂಗ್ ಬೆಲ್ಟ್, ಥರ್ಮೋಸ್ಟ್ಯಾಟ್ ಎರಡೂ ಹೊಸದೇ ಹಾಕು, ಕೂಲಿ ಮತ್ತೆ ಕೊಡಬೇಕಾಗಲ್ಲ.

ಕರಿಯಣ್ಣ: ಕೂಲಂಟ್ ತುಂಬ್ಸಿದ್ಮೇಲೆ ಗಾಳಿ ತಗೀಬೇಕು. ಮೂತಿ ಮ್ಯಾಲಕ್ಕಿರಂಗೆ ಏರಲ್ಲಿ ನಿಲ್ಸಿ, ಕ್ಯಾಪ್ ತಗುದು, ಐಡಲಲ್ಲಿ ಮ್ಯಾಲಿನ ಹೋಸ್ ಬಿಸಿಯಾಗಿ ಫ್ಯಾನ್ ಒಂದ್ಸಲ ತಿರುಗೋಗಂಟ ಕಾಯಿ. ಮಟ್ಟ ಇಳೀತಾ ಇರ್ತದೆ, ತುಂಬ್ತಾ ಇರು.

ಸಿದ್ದ: ಮಂಡ್ಯದಲ್ಲಿ ಏರು ಎಲ್ಲೈತಣ್ಣಾ? ಚಾಮುಂಡಿ ಬೆಟ್ಟಕ್ಕೆ ತಳ್ಕೊಂಡೋಗವಾ?

ಕರಿಯಣ್ಣ: ಮುಂದಿನ ಚಕ್ರ ಎರಡು ಹಲಗೆ ಮ್ಯಾಲೆ ಹತ್ಸು, ಹ್ಯಾಂಡ್ ಬ್ರೇಕ್ ಎಳಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡು. ಕಲ್ಲಿಲ್ಲ ಅಂದ್ರೆ ಸಿದ್ದನ್ನ ಕೂರ್ಸು.